ಡಿಗ್ರಿ ಬಿಟ್ಟು ರಗ್ಬಿಗೆ ಹೋಗ್ತೇನೆ ಅಂತಾನೆ ಮಗ

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಉಡುಪಿಯಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾನೆ. ಹೈಸ್ಕೂಲಿನಿಂದಲೂ ಕಬಡ್ಡಿ ಆಡುತ್ತಿದ್ದ, ಒಳ್ಳೆಯ ರೈಡರ್. ಕಾಲೇಜಿನ ಪಿ.ಇ. ಸರ್ ಅವನನ್ನು ಏಳು ಜನರ ರಗ್ಬಿಗೆ (ಸೆವೆನ್ಸ್) ಹಾಕಿದರು. ಈಗ ವಿಶ್ವವಿದ್ಯಾನಿಲಯ ತಂಡದ ಆಯ್ಕೆ ಶಿಬಿರಕ್ಕೂ ಹೋಗಿ ಬಂದಿದ್ದಾನೆ. ರಗ್ಬಿ ಪ್ರೀಮಿಯರ್ ಲೀಗ್ ನೋಡಿದ ಮೇಲೆ ‘ಡಿಗ್ರಿ ಬಿಡ್ತೇನೆ, ಪ್ರೊಫೆಷನಲ್ ಆಗ್ತೇನೆ’ ಅಂತ ಒಂದೇ ಹಟ. ನನ್ನ ತಮ್ಮ ದುಬೈಯಲ್ಲಿದ್ದಾನೆ. ‘ಇಲ್ಲಿಗೆ ಕಳಿಸು ಅಕ್ಕ, ದೊಡ್ಡ ದೊಡ್ಡ ಕ್ಲಬ್ ಉಂಟು’ ಅನ್ನುತ್ತಾನೆ. ಮಗನ ಅಪ್ಪನಿಗೆ ಸುತಾರಾಂ ಇಷ್ಟವಿಲ್ಲ. ಹುಡುಗ ಐದಡಿ ಒಂಬತ್ತು ಇಂಚು, ತೂಕ 76 ಕೆ.ಜಿ. ಜಿಮ್ಮಿನವರು ಪೌಡರ್ ತಗೊಂಡು 90 ಮಾಡು ಅಂದಿದ್ದಾರಂತೆ. ಈ ಆಟದಲ್ಲಿ ಜೀವನ ಉಂಟಾ? ಅಂದ ಹಾಗೆ, ಕಳೆದ ತಿಂಗಳು ಆಟದಲ್ಲಿ ತಲೆಗೆ ಪೆಟ್ಟು ಬಿದ್ದು ಎರಡು ದಿನ ತಲೆನೋವು ಅಂತ ಮಲಗಿದ್ದ.
ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: (ಕ್ರೀಡಾ ಫಿಸಿಯೋಥೆರಪಿಸ್ಟ್, ಮಂಗಳೂರು)

ತಲೆಗೆ ಪೆಟ್ಟು ಬಿದ್ದ ಸಂಗತಿಯನ್ನು ನೀವು ಪತ್ರದ ಕೊನೆಗೆ ‘ಅಂದ ಹಾಗೆ’ ಎಂದು ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಡಿಗ್ರಿ, ಹಣ, ದುಬೈ ಇವೆಲ್ಲ ಎರಡು ತಿಂಗಳು ಕಾದರೂ ಏನೂ ಆಗುವುದಿಲ್ಲ. ಇದು ಕಾಯುವ ವಿಷಯವಲ್ಲ.

ಆಟದಲ್ಲಿ ತಲೆಗೆ ಪೆಟ್ಟು ಬಿದ್ದು ಹುಡುಗ ಎರಡು ದಿನ ಮಲಗಿದನೆಂದರೆ, ಡಾಕ್ಟರು ನೋಡಿ ಅಲ್ಲ ಎನ್ನುವವರೆಗೆ ಅದನ್ನು ಕನ್‌ಕಷನ್ (ಪೆಟ್ಟಿಗೆ ಮಿದುಳು ಅಲುಗಿ ಅದರ ಕೆಲಸ ಏರುಪೇರಾಗುವುದು) ಎಂದೇ ಹಿಡಿಯಬೇಕು. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಹೆಚ್ಚಿನವರಿಗೆ ತಪ್ಪುವುದೂ ಇಲ್ಲ. ಬೆಳಕು ಕಂಡರೆ ಕಿರಿಕಿರಿ, ಹೊಟ್ಟೆ ತೊಳಸುವುದು, ಕೇಳಿದ್ದಕ್ಕೆ ತಡವಾಗಿ ಉತ್ತರ, ನಿದ್ದೆಯಲ್ಲಿ ಏರುಪೇರು, ಸಣ್ಣ ಮಾತಿಗೂ ಸಿಡುಕು, ಇವುಗಳಲ್ಲಿ ಒಂದೆರಡು ಇದ್ದರೂ ಸಾಕು. ‘ಸ್ಕ್ಯಾನ್ ಮಾಡಿಸಿದೆವು, ನಾರ್ಮಲ್ ಬಂತು’ ಎಂದು ಎಷ್ಟೋ ಮನೆಯವರು ನಿಶ್ಚಿಂತರಾಗಿಬಿಡುತ್ತಾರೆ. ಒಳಗೆ ರಕ್ತ ಸೋರಿದೆಯಾ, ಮೂಳೆ ಬಿರುಕು ಬಿಟ್ಟಿದೆಯಾ ಎಂದು ನೋಡಲು ಸಿ.ಟಿ. ಸ್ಕ್ಯಾನ್ ಬೇಕು, ಸರಿ. ಆದರೆ ಕನ್‌ಕಷನ್ ಅದರಲ್ಲಿ ಕಾಣಿಸುವುದಿಲ್ಲ.

ಆಟದ ಅಂತಾರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ರಗ್ಬಿ ಇದಕ್ಕೆ ಖಡಕ್ ನಿಯಮ ಮಾಡಿದೆ. ಕಾಲೇಜು, ಕ್ಲಬ್ ಮಟ್ಟದಲ್ಲಿ ಸಂಶಯ ಬಂದರೆ ಆ ಕ್ಷಣವೇ ಹೊರಗೆ, ಆ ದಿನ ಮತ್ತೆ ಒಳಗಿಲ್ಲ. ಆ ಆಟಗಾರರು ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಬಿಡಬೇಕು. ಅದೂ ಒಮ್ಮೆಲೇ ಇಳಿಯುವುದಲ್ಲ: ಮೊದಲು ನಡಿಗೆ, ಆಮೇಲೆ ಹಗುರ ಓಟ, ಆಮೇಲೆ ಚೆಂಡು, ಕೊನೆಗೆ ಮೈಗೆ ಮೈ ತಾಗುವ ಅಭ್ಯಾಸ. ನಡುವೆ ತಲೆನೋವು ಮರಳಿದರೆ ಒಂದು ಹಂತ ಹಿಂದಕ್ಕೆ. ದೊಡ್ಡ ಪಂದ್ಯಗಳಲ್ಲಿ ಸಂಶಯ ಬಂದವನನ್ನು 12 ನಿಮಿಷ ಹೊರಗೆ ಕರೆದು ಪರೀಕ್ಷೆ ಮಾಡುತ್ತಾರೆ. 2024ರಿಂದ ಬಾಯೊಳಗಿನ ಮೌತ್‌ಗಾರ್ಡಿನಲ್ಲೇ ಸೆನ್ಸರ್ ಇಟ್ಟು, ದೊಡ್ಡ ಹೊಡೆತ ಬಿದ್ದರೆ ಪಕ್ಕದಲ್ಲಿ ಕೂತ ಡಾಕ್ಟರಿಗೆ ಗೊತ್ತಾಗುವ ವ್ಯವಸ್ಥೆಯೂ ಬಂದಿದೆ. ನಮ್ಮ ಅಂತರಕಾಲೇಜು ಪಂದ್ಯಗಳಲ್ಲಿ ಇರುವುದು ಒಂದು ಐಸ್ ಬಾಕ್ಸ್, ಒಂದು ಸ್ಪ್ರೇ. ಹಾಗಾಗಿ ಆ ಡಾಕ್ಟರಿನ ಕೆಲಸವನ್ನು ಇಲ್ಲಿ ಮನೆಯವರೇ ಮಾಡಬೇಕು. ಪೆಟ್ಟು ಬಿದ್ದ ಮೇಲೆ ಅವನು ಎಷ್ಟು ದಿನಕ್ಕೆ ಮತ್ತೆ ಆಡಿದ ಎಂದು ಕೇಳಿ. ಉತ್ತರ ‘ಮರುವಾರ’ ಎಂದಾದರೆ ಈ ವಾರವೇ ಒಬ್ಬ ನರರೋಗ ತಜ್ಞರಿಗೆ ತೋರಿಸಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. 2003ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ಹುಕರ್ ಜಾಗದಲ್ಲಿ ಆಡಿದವರು ಸ್ಟೀವ್ ಥಾಂಪ್ಸನ್. 42ನೇ ವಯಸ್ಸಿಗೆ ಅವರಿಗೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಎಂದು ಗೊತ್ತಾಯಿತು. ಆ ಕಪ್ ಗೆದ್ದದ್ದೇ ನೆನಪಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಅವರಂಥ ಹಲವು ಮಾಜಿ ಆಟಗಾರರು ಕ್ರೀಡಾ ಸಂಸ್ಥೆಗಳ ಮೇಲೆ ದಾವೆ ಹೂಡಿದ್ದಾರೆ. ಹುಕರ್ ಎಂದರೆ ಎರಡೂ ತಂಡದವರು ತಲೆ ತಗ್ಗಿಸಿ ಒಬ್ಬರನ್ನೊಬ್ಬರು ತಳ್ಳುವ ಸ್ಕ್ರಮ್ಮಿನ ನಟ್ಟನಡುವೆ, ವರ್ಷಗಟ್ಟಲೆ, ಅಭ್ಯಾಸದಲ್ಲೂ ಪಂದ್ಯದಲ್ಲೂ ತಲೆ ಕೊಟ್ಟು ಗುದ್ದುವ ಜಾಗ. ನಿಮ್ಮ ಮಗ ಆಡುವುದು ಏಳು ಜನರ ಸೆವೆನ್ಸ್. ಅದರಲ್ಲಿ ಸ್ಕ್ರಮ್ಮಿಗೆ ತಂಡಕ್ಕೆ ಮೂವರೇ, ಅದೂ ಕ್ಷಣದಲ್ಲಿ ಮುಗಿಯುತ್ತದೆ. ಅಪಾಯ ಬೇರೆ ರೀತಿಯದು, ಆದರೆ ಇಲ್ಲವೆಂದಲ್ಲ.

ಹಾಗಾದರೆ ಆಟ ಬಿಡಿಸುವುದೇ? ಬೇಡ. ಮೊದಲು ಪೆಟ್ಟು ಹೇಗೆ ಬಿತ್ತು ಎಂದು ತಿಳಿದುಕೊಳ್ಳಿ. ಕಬಡ್ಡಿಯಿಂದ ಬಂದ ನಮ್ಮ ಕರಾವಳಿಯ ಹುಡುಗರಲ್ಲಿ ನಾನು ಮತ್ತೆ ಮತ್ತೆ ನೋಡುವ ಒಂದು ತೊಂದರೆ ಉಂಟು. ನನ್ನ ಊಹೆ ಸರಿಯಾದರೆ ಇವನದೂ ಅದೇ.

ಕಬಡ್ಡಿಯ ಕ್ಯಾಚರ್ ರೈಡರಿನ ಕಾಲ್ಗಂಟು ಹಿಡಿಯುವ ಆ್ಯಂಕಲ್ ಹೋಲ್ಡಿಗೆ ಹೋಗುವಾಗ ಕಣ್ಣು ಎದುರಾಳಿಯ ಪಾದದ ಮೇಲೆ, ತಲೆ ಕೆಳಗೆ, ಎಷ್ಟೋ ಸಲ ಅವನ ಮೈಯ ಮುಂಭಾಗಕ್ಕೆ. ಅಲ್ಲಿ ಅದು ನಡೆಯುತ್ತದೆ, ಏಕೆಂದರೆ ರೈಡರ್ ಆಗ ಹಿಂದಕ್ಕೆ ಅಥವಾ ಪಕ್ಕಕ್ಕೆ ಹೋಗುತ್ತಿರುತ್ತಾನೆ. ರಗ್ಬಿಯಲ್ಲಿ ಎದುರಿನವನು ಇಪ್ಪತ್ತು ಮೀಟರಿನಿಂದ ನೇರ ಓಡಿ ಬರುತ್ತಾನೆ. ತಲೆ ಅವನ ಮುಂದೆ ಸಿಕ್ಕಿತೋ, ಅವನ ಮೊಣಕಾಲು ಅಥವಾ ಸೊಂಟದ ಮೂಳೆ ಸೀದಾ ಕಪಾಲಕ್ಕೆ. ಚೆಂಡು ಹಿಡಿದು ಓಡುವವನನ್ನು ಹಿಡಿದು ಕೆಡವುವುದಕ್ಕೆ ಟ್ಯಾಕಲ್ ಎನ್ನುತ್ತಾರೆ. ಸರಿಯಾದ ಟ್ಯಾಕಲ್ ಹೀಗೆ: ಬಲ ಭುಜ ಅವನ ತೊಡೆಗೆ ತಾಗಿದರೆ ನಮ್ಮ ತಲೆ ಅವನ ಹಿಂಬದಿಗೆ ಹೋಗಬೇಕು, ನಮ್ಮ ಕೆನ್ನೆ ಅವನ ಕುಂಡೆಗೆ ಒತ್ತಿರಬೇಕು. ಕಣ್ಣು ತೆರೆದೇ ಇರಬೇಕು. ಎರಡೂ ಕೈ ತೊಡೆಯ ಸುತ್ತ ಬಿಗಿಯಬೇಕು, ಕಾಲು ನಿಲ್ಲದೆ ತುಳಿಯುತ್ತಿರಬೇಕು. ಬಿದ್ದ ಮೇಲೆ ತಕ್ಷಣ ಬಿಟ್ಟು ಏಳಬೇಕು. ಸೀಟಿ ಊದುವವರೆಗೆ ಬಿಡಬಾರದು ಎಂದು ಕಲಿತು ಬಂದವನಿಗೆ ಇದು ಸುಲಭದಲ್ಲಿ ಮೈಗೂಡುವುದಿಲ್ಲ. ಇಲ್ಲಿ ಬಿಡದಿದ್ದರೆ ಪೆನಾಲ್ಟಿ. ಭುಜದಿಂದ ಗುದ್ದಿ ಗೆರೆಯಾಚೆ ತಳ್ಳುವ ನಮ್ಮವರ ಪ್ರೀತಿಯ ಡ್ಯಾಶ್ ಇದೆಯಲ್ಲ, ಕೈ ಸುತ್ತದೆ ಹಾಗೆ ಗುದ್ದಿದರೆ ಇಲ್ಲಿ ಫೌಲ್, ಕಾರ್ಡ್ ಕೂಡ ಬೀಳಬಹುದು. ರೈಡರಿಗೆ ಇನ್ನೊಂದು ಗಂಡಾಂತರ ಡುಬ್ಕಿ. ಕೈ ಕೈ ಹಿಡಿದ ಕ್ಯಾಚರ್‌ಗಳ ಚೈನ್ ಅಡಿಯಿಂದ ತಲೆ ತಗ್ಗಿಸಿ ನುಗ್ಗಿದರೆ ಕಬಡ್ಡಿಯಲ್ಲಿ ಚಪ್ಪಾಳೆ. ಚೆಂಡು ಹಿಡಿದು ಹಾಗೆ ತಗ್ಗಿದರೆ ತಲೆಯೇ ಮೊದಲು ತಾಗುತ್ತದೆ, ಕುತ್ತಿಗೆಗೂ ಪೆಟ್ಟು.

ಇದನ್ನು ಬಿಡಿಸಲು ಮಲ್ಪೆ, ಪಣಂಬೂರಿನಂಥ ಕಡಲತೀರ ನಮಗೆ ಸಿಕ್ಕಿದ್ದು ಪುಣ್ಯ. ನಮ್ಮ ಮುರಕಲ್ಲಿನ ಮೈದಾನಗಳಲ್ಲಿ ಟ್ಯಾಕಲ್ ಕಲಿಸಲು ಹೊರಟರೆ ಮೊದಲ ದಿನವೇ ಮೊಣಕೈ ಮೊಣಕಾಲಿನ ಚರ್ಮ ಹೋಗಿ, ಎರಡನೇ ದಿನ ಹುಡುಗ ಬೀಳಲು ಹೆದರುತ್ತಾನೆ. ಹೆದರಿದವನು ತಲೆ ತಿರುಗಿಸುತ್ತಾನೆ, ಕಣ್ಣು ಮುಚ್ಚುತ್ತಾನೆ. ಬೆಳಿಗ್ಗೆ ಇಳಿತದ ಹೊತ್ತಿಗೆ ನೀರಂಚಿನ ಒದ್ದೆ ಮರಳು ಗಟ್ಟಿಯಾಗಿಯೂ ಮೆತ್ತಗೂ ಇರುತ್ತದೆ. ಮೊದಲು ಇಬ್ಬರೂ ಮಂಡಿಯೂರಿ, ಆಮೇಲೆ ಒಬ್ಬ ಮಂಡಿಯೂರಿ ಇನ್ನೊಬ್ಬ ನಡೆಯುತ್ತ, ಆಮೇಲೆ ಇಬ್ಬರೂ ನಡೆಯುತ್ತ, ಕೊನೆಗೆ ಓಡುತ್ತ. ಪ್ರತಿ ಹಂತದಲ್ಲೂ ಎರಡೂ ಭುಜಕ್ಕೆ. ಬಲಗೈಯವರು ಎಡ ಭುಜದ ಟ್ಯಾಕಲ್ ಎಂದರೆ ತಪ್ಪಿಸಿಕೊಳ್ಳುತ್ತಾರೆ, ಪೆಟ್ಟು ಬೀಳುವುದೂ ಆ ಬದಿಯಲ್ಲೇ. ಮೇಲಿನ ಒಣ, ಆಳದ ಮರಳಿನಲ್ಲಿ ಮಾತ್ರ ದಿನಾ ಓಡಿಸಬೇಡಿ, ಹಿಮ್ಮಡಿಯ ನರ ಹಿಡಿದುಕೊಳ್ಳುತ್ತದೆ. ಮಳೆಗಾಲಕ್ಕೆ ಕಬಡ್ಡಿ ಮ್ಯಾಟ್ ಸಾಕು.

ಕಬಡ್ಡಿ ಕೊಟ್ಟದ್ದೂ ಬಹಳ ಉಂಟು ಎನ್ನಿ. ಇಕ್ಕಟ್ಟಿನಲ್ಲಿ ಕಾಲು ಬದಲಿಸಿ ಜಾರುವ ಕಲೆ, ಕೈ ತಾಗಿದರೂ ತೂಕ ತಪ್ಪದಿರುವುದು, ಬೀಳಲು ಹಿಂಜರಿಯದಿರುವುದು. ಕೊಡದಿರುವುದು ದಮ್ಮು. ಒಂದು ರೈಡ್ 30 ಸೆಕೆಂಡಿಗೆ ಮುಗಿಯುತ್ತದೆ. ಸೆವೆನ್ಸ್ ಪಂದ್ಯ ಏಳೇಳು ನಿಮಿಷದ ಎರಡು ಭಾಗ. ‘ಅಷ್ಟೇನಾ’ ಅನಿಸುತ್ತದೆ. ಆದರೆ ಮೈದಾನ ಹದಿನೈದು ಜನರ ಆಟದ್ದೇ, ನೂರು ಮೀಟರ್ ಉದ್ದ, ಅದನ್ನು ಏಳು ಜನ ಕಾಯಬೇಕು. ಒಂದೇ ದಿನ ಎರಡು ಮೂರು ಪಂದ್ಯ ಬೀಳುತ್ತವೆ. ಮೂರನೇ ಪಂದ್ಯದಲ್ಲಿ ದಮ್ಮು ಕಟ್ಟಿದವನ ಟ್ಯಾಕಲ್ ಮೇಲೇರುತ್ತದೆ, ತಲೆಗೆ ತಲೆ ತಾಗುವುದು ಆಗಲೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಜೀವನ ಉಂಟಾ ಎಂಬುದು.

ಇಂಗ್ಲೆಂಡ್, ಸ್ಕಾಟ್ಲೆಂಡ್ ತಂಡಗಳು ಪೈಪೋಟಿ ನಡೆಸುವ ಕಲ್ಕತ್ತಾ ಕಪ್ಪನ್ನು 1878ರಲ್ಲಿ ನಮ್ಮ ಕಲ್ಕತ್ತಾದ ಕ್ಲಬ್ಬೊಂದು ಮುಚ್ಚಿದಾಗ ಅದರ ಖಾತೆಯಲ್ಲಿದ್ದ ಬೆಳ್ಳಿ ರೂಪಾಯಿ ಕರಗಿಸಿ ಮಾಡಿದ್ದು. ಆಟ ನಮ್ಮಲ್ಲಿ ಅಷ್ಟು ಹಳತು. ಆದರೆ ಆಡಿದ್ದಕ್ಕೆ ಸಂಬಳ ಎಂಬುದು ನಾವು ಆಡುವ ಈ ಬಗೆಯ ರಗ್ಬಿಯಲ್ಲಿ (ರಗ್ಬಿ ಯೂನಿಯನ್) ಜಗತ್ತಿಗೇ ಹೊಸತು. 1995ರ ಆಗಸ್ಟ್‌ವರೆಗೆ ಹಣ ಪಡೆದು ಆಡುವುದೇ ನಿಯಮಕ್ಕೆ ವಿರುದ್ಧವಾಗಿತ್ತು. 1970ರ ದಶಕದಲ್ಲಿ ವೇಲ್ಸಿನ ದಿಗ್ಗಜನಾಗಿದ್ದ ಜೆ.ಪಿ.ಆರ್. ವಿಲಿಯಮ್ಸ್ ವೃತ್ತಿಯಲ್ಲಿ ಮೂಳೆ ಶಸ್ತ್ರಚಿಕಿತ್ಸಕ. ಸಂಬಳ ಬಂದ ಮೇಲೂ ವೇಲ್ಸಿನವರೇ ಆದ ಜೇಮೀ ರಾಬರ್ಟ್ಸ್ ಅಂತಾರಾಷ್ಟ್ರೀಯ ಪಂದ್ಯ ಆಡುತ್ತಲೇ ವೈದ್ಯಕೀಯ ಓದಿ 2013ರಲ್ಲಿ ಡಾಕ್ಟರಾದರು. ಅವರಿಗೆ ಎಂ.ಬಿ.ಬಿ.ಎಸ್. ಸಾಧ್ಯವಾದರೆ ನಮ್ಮವನಿಗೆ ಬಿ.ಕಾಂ. ಸಾಧ್ಯವಾಗದೇ?

ದೊಡ್ಡ ಹಣ ಇರುವುದು ಫ್ರಾನ್ಸ್, ಇಂಗ್ಲೆಂಡ್, ಜಪಾನಿನ ಲೀಗ್‌ಗಳಲ್ಲಿ. ಅಲ್ಲಿಯೂ ನೆಲ ಭದ್ರವಿಲ್ಲ. 2022ರಲ್ಲಿ ಇಂಗ್ಲೆಂಡಿನ ವುಸ್ಟರ್ ಮತ್ತು ವಾಸ್ಪ್ಸ್, 2023ರಲ್ಲಿ ಲಂಡನ್ ಐರಿಷ್, ಹೀಗೆ ಅಗ್ರ ಲೀಗಿನ ಮೂರು ಕ್ಲಬ್‌ಗಳು ಸಾಲದಲ್ಲಿ ಮುಳುಗಿ ಆಟಗಾರರು ಬೀದಿಗೆ ಬಂದರು. ಮೇಲಾಗಿ ಅಲ್ಲಿ ಮಕ್ಕಳು ಆರೇಳು ವರ್ಷಕ್ಕೇ ಚೆಂಡು ಹಿಡಿಯುತ್ತಾರೆ, ಹದಿಹರೆಯಕ್ಕೆ ಅಕಾಡೆಮಿ ಸೇರುತ್ತಾರೆ. 19ಕ್ಕೆ ಶುರು ಮಾಡಿದವನು ಹದಿನೈದು ಜನರ ಆಟದಲ್ಲಿ ಅವರನ್ನು ಹಿಡಿಯುವುದು ಕನಸಿನ ಮಾತು. ಸೆವೆನ್ಸಿನಲ್ಲಿ ಸ್ವಲ್ಪ ದಾರಿ ಉಂಟು. ಅಮೆರಿಕದ ಕಾರ್ಲಿನ್ ಐಲ್ಸ್ ಓಟಗಾರ, 22ನೇ ವಯಸ್ಸಿನಲ್ಲಿ ರಗ್ಬಿಗೆ ಬಂದು ಒಲಿಂಪಿಕ್ಸಿನಲ್ಲೂ ಆಡಿದರು. ಆದರೆ ಅವರು ನೂರು ಮೀಟರನ್ನು 10.13 ಸೆಕೆಂಡಿನಲ್ಲಿ ಓಡಿದವರು ಎಂಬುದನ್ನು ಮಗನಿಗೆ ಮರೆಯದೆ ಹೇಳಿ.

ಭಾರತಕ್ಕೆ ಬನ್ನಿ. ನಮ್ಮ ತಂಡ ಮೊದಲ ಅಂತಾರಾಷ್ಟ್ರೀಯ ಪಂದ್ಯ ಆಡಿದ್ದು 1998ರಲ್ಲಿ. ಆಟದ ಬೇರು ಇರುವುದು ಕೋಲ್ಕತ್ತಾ, ಮುಂಬೈ, ದೆಹಲಿ, ಒಡಿಶಾ, ಬಿಹಾರ ಮತ್ತು ಸೇನೆಯಲ್ಲಿ. ನಿಮ್ಮ ಮಗ ನೋಡಿದ ರಗ್ಬಿ ಪ್ರೀಮಿಯರ್ ಲೀಗ್ 2025ರ ಜೂನ್‌ನಲ್ಲಿ ಮುಂಬೈಯ ಅಂಧೇರಿಯಲ್ಲಿ ಮೊದಲ ಸಲ ನಡೆಯಿತು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಸೇರಿ ಆರು ತಂಡ, ಗೆದ್ದದ್ದು ಚೆನ್ನೈ ಬುಲ್ಸ್. ಒಳ್ಳೆಯ ಪ್ರಯತ್ನ, ನನಗೂ ಖುಷಿ. ಆದರೆ ಲೆಕ್ಕ ಹಾಕಿ: ತಂಡಕ್ಕೆ ಹದಿಮೂರು ಜನ, ಅವರಲ್ಲಿ ಭಾರತೀಯರು ಐವರು. ಇಡೀ ದೇಶಕ್ಕೆ ಮೂವತ್ತು ಜಾಗ, ಹದಿನೈದು ದಿನದ ಆಟ. ಯಕ್ಷಗಾನದ ಕಲಾವಿದರಿಗಾದರೂ ಮೇ ಕೊನೆಯ ಪತ್ತನಾಜೆಯವರೆಗೆ ಆರು ತಿಂಗಳು ತಿರುಗಾಟ ಉಂಟು, ಇದು ಅದರ ಹತ್ತರಲ್ಲೊಂದು ಪಾಲೂ ಇಲ್ಲ. ವರ್ಷದ ಹನ್ನೆರಡು ತಿಂಗಳೂ ಸಂಬಳ ಕೊಟ್ಟು ರಗ್ಬಿ ಆಡಿಸುವ ಕ್ಲಬ್ ವ್ಯವಸ್ಥೆ ನಮ್ಮ ದೇಶದಲ್ಲಿ ಇನ್ನೂ ಬೆಳೆದಿಲ್ಲ. ಇಲ್ಲಿ ರಗ್ಬಿ ಆಡಿ ನೆಲೆ ಕಂಡವರು ಹೆಚ್ಚಾಗಿ ಸೇನೆಯ ಮೂಲಕ, ಅಥವಾ ಬಿಹಾರದ ಹಾಗೆ ಪದಕ ತಂದವರಿಗೆ ರಾಜ್ಯ ಸರ್ಕಾರ ಕೊಡುವ ಕೆಲಸದ ಮೂಲಕ. ಅಂದರೆ ಜೀವನ ನಡೆಸುವುದು ನೌಕರಿ, ಆ ನೌಕರಿಯ ಬಾಗಿಲು ತೆಗೆಯುವುದು ಆಟ. ಆ ಬಾಗಿಲಲ್ಲಿ ಎಷ್ಟೋ ಹುದ್ದೆಗಳಿಗೆ ಪದವಿಯ ಅಂಕಪಟ್ಟಿಯನ್ನೂ ಕೇಳುತ್ತಾರೆ. ಡಿಗ್ರಿ ಬಿಟ್ಟರೆ ಆಟವೂ ಕೈಬಿಡುತ್ತದೆ ಎಂದು ನಾನು ಹೇಳುವುದು ಇದಕ್ಕೇ. ವಿಶ್ವವಿದ್ಯಾನಿಲಯ ತಂಡ, ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟ ಇವೆಲ್ಲ ಅವನು ವಿದ್ಯಾರ್ಥಿಯಾಗಿದ್ದರೆ ಮಾತ್ರ. ಕಾಲೇಜು ಬಿಟ್ಟ ಮರುದಿನ ಅವನಿಗೆ ಆಡಲು ಉಡುಪಿಯಲ್ಲಿ ಯಾವ ತಂಡ ಇದೆ, ಅವನನ್ನೇ ಕೇಳಿ.

ಹಣವೇ ಮುಖ್ಯವಾದರೆ ಕಬಡ್ಡಿಯನ್ನು ಏಕೆ ಬಿಡುತ್ತಿದ್ದಾನೆ ಎಂದೂ ಕೇಳಬೇಕು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಹರಾಜಿನಲ್ಲಿ ಕೋಟಿ ದಾಟಿದವರಿದ್ದಾರೆ. ಕಾರ್ಕಳ ಕಡೆಯ ಸುಕೇಶ್ ಹೆಗ್ಡೆ, ಪುತ್ತೂರು ಕಡೆಯ ಪ್ರಶಾಂತ್ ರೈ ಆ ಲೀಗಿನಲ್ಲಿ ಹೆಸರು ಮಾಡಿದರು. ಹೆರ್ಮುಂಡೆಯ ಮಮತಾ ಪೂಜಾರಿ ಭಾರತ ತಂಡದ ನಾಯಕಿಯಾಗಿ ಅರ್ಜುನ ಪ್ರಶಸ್ತಿಯನ್ನೂ ಪಡೆದರು. ನಮ್ಮ ಮಣ್ಣಿನಲ್ಲಿ ಆ ದಾರಿ ಸವೆದು ಸಿದ್ಧವಾಗಿದೆ. ರಗ್ಬಿಯೇ ಇಷ್ಟ ಎಂದರೆ ಅದೂ ಸರಿ, ಇಷ್ಟ ಎಂಬುದಕ್ಕೂ ಬೆಲೆ ಉಂಟು. ಹಣದ ಮಾತನ್ನು ಮಾತ್ರ ಆಗ ಮಧ್ಯೆ ತರಬಾರದು.

ಇನ್ನು ಮೈಕಟ್ಟು. ಐದಡಿ ಒಂಬತ್ತು ಇಂಚು, 76 ಕೆ.ಜಿ. ಸೆವೆನ್ಸಿನ ಹಿಂದಿನ ಸಾಲಿಗೆ ಏನೂ ಕಡಿಮೆಯಲ್ಲ. ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬೆ 1.72 ಮೀಟರ್, ಎರಡು ವಿಶ್ವಕಪ್ ಗೆದ್ದ ತಂಡದ ವಿಂಗ್, ಅಂದರೆ ಮೈದಾನದ ಅಂಚಿನಲ್ಲಿ ಓಡುವವನು. ಫ್ರಾನ್ಸಿಗೆ ಪ್ಯಾರಿಸ್ ಒಲಿಂಪಿಕ್ಸಿನ ಚಿನ್ನ ತಂದುಕೊಟ್ಟ ಆಂಟ್ವಾನ್ ದುಪೋನ್ ಕೂಡ ಎತ್ತರದವನಲ್ಲ. 90 ಕೆ.ಜಿ. ಮಾಡು ಎಂದ ಜಿಮ್ಮಿನವರು ಅವನನ್ನು ಯಾವ ಜಾಗಕ್ಕೆ ತಯಾರು ಮಾಡುತ್ತಿದ್ದಾರೆ? ಸ್ಕ್ರಮ್ಮಿನ ಮುಂದಿನ ಸಾಲಿನ ಪ್ರಾಪ್ ಆಗಬೇಕಾದರೆ ಅದು ಸಾಲದು, ಅವನ ಎತ್ತರಕ್ಕೆ ವಿಂಗ್ ಆಗಬೇಕಾದರೆ ಅದು ಹೆಚ್ಚು. ಎರಡು ವರ್ಷದಲ್ಲಿ ನಾಲ್ಕೈದು ಕೆ.ಜಿ. ಸ್ನಾಯು ಬಂದರೆ ಧಾರಾಳ. ಕುಚಲಕ್ಕಿ ಅನ್ನ, ಬೂತಾಯಿ, ಬಂಗುಡೆ, ಮೊಟ್ಟೆ, ಹೆಸರುಕಾಳು, ಹಾಲು, ಇಷ್ಟರಲ್ಲೇ ಅದು ಬರುತ್ತದೆ. ಬ್ರ್ಯಾಂಡು ಗೊತ್ತಿಲ್ಲದ ಪೌಡರ್ ಬೇಡವೇ ಬೇಡ. ಎಷ್ಟೋ ಡಬ್ಬಿಗಳಲ್ಲಿ ಲೇಬಲ್ಲಿಗೆ ಬರೆಯದ ಸ್ಟಿರಾಯ್ಡ್ ಇರುತ್ತದೆ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾ ಮೂತ್ರ ಪರೀಕ್ಷೆ ಮಾಡಿದಾಗ ‘ಗೊತ್ತಿರಲಿಲ್ಲ’ ಎಂದರೆ ಕೇಳುವವರಿಲ್ಲ, ನಾಲ್ಕು ವರ್ಷದವರೆಗೆ ನಿಷೇಧ ಬೀಳಬಹುದು. ಅವನ ಆಟದ ಆಯಸ್ಸೇ ಹೆಚ್ಚೆಂದರೆ ಹತ್ತು ವರ್ಷ. ಕುತ್ತಿಗೆಯ ವ್ಯಾಯಾಮ ಮಾತ್ರ ವಾರಕ್ಕೆ ಮೂರು ದಿನ ತಪ್ಪಬಾರದು, ಜಿಮ್ಮಿನವರು ಎದೆ, ತೋಳು ಬಿಟ್ಟು ಅದರ ಸುದ್ದಿಗೇ ಹೋಗುವುದಿಲ್ಲ.

ವಿಮೆಯ ಪಾಲಿಸಿ ತೆಗೆದು ಓದಿ. ಕ್ರೀಡೆಯಲ್ಲಾದ ಗಾಯಕ್ಕೆ ಅನ್ವಯವೇ ಎಂದು ಏಜೆಂಟರಿಂದ ಬರೆಸಿಕೊಳ್ಳಿ. ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಎ.ಸಿ.ಎಲ್. ಎಂಬ ಅಸ್ಥಿರಜ್ಜು ಹರಿದರೆ ಆಪರೇಷನ್ ಆದ ಮೇಲೂ ಮೈದಾನಕ್ಕೆ ಮರಳಲು ಒಂಬತ್ತು ತಿಂಗಳು ಬೇಕು, ಕೆಲವರಿಗೆ ವರ್ಷ.

ಅವನ ಅಪ್ಪನಿಗೆ ಒಂದು ಮಾತು. ಪದವಿ ಮುಗಿಯುವವರೆಗೆ ಆಡಲಿ ಎಂದು ಬಾಯಿಬಿಟ್ಟು ಒಪ್ಪಿಕೊಳ್ಳಿ. ಬೇಡ ಎಂದು ಕೂತರೆ ಹುಡುಗ ಆಟ ಬಿಡುವುದಿಲ್ಲ, ಪೆಟ್ಟು ಬಿದ್ದದ್ದನ್ನು ಮನೆಯಲ್ಲಿ ಹೇಳುವುದನ್ನು ಬಿಡುತ್ತಾನೆ. ನನ್ನ ಹತ್ತಿರ ಬರುವ ಹುಡುಗರಲ್ಲಿ ಅಂಥವರೇ ಹೆಚ್ಚು. ಪದವಿ ಮುಗಿಯುವಷ್ಟರಲ್ಲಿ ರಾಜ್ಯ ತಂಡಕ್ಕೆ ಆಡಿ, ರಾಷ್ಟ್ರೀಯ ಶಿಬಿರದಿಂದ ಕರೆ ಬಂದಿದ್ದರೆ ಇನ್ನೆರಡು ವರ್ಷ ಕೊಡಿ. ಇಲ್ಲದಿದ್ದರೆ ಸೇನೆ, ಪೊಲೀಸ್, ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಏನಾದರೊಂದು ಹಿಡಿಯಲಿ, ಆಟ ಸಂಜೆಗೆ ಇರಲಿ.

ದುಬೈಯ ವಿಷಯದಲ್ಲಿ ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ. 1970ರಿಂದ ಅಲ್ಲಿ ಸೆವೆನ್ಸ್ ಟೂರ್ನಿ ನಡೆಯುತ್ತಿದೆ, ಹಳೆಯ ಕ್ಲಬ್‌ಗಳೂ ಇವೆ. ಆದರೆ ಆ ಕ್ಲಬ್‌ಗಳಲ್ಲಿ ಆಡುವವರಲ್ಲಿ ಹೆಚ್ಚಿನವರು ಹಗಲು ಆಫೀಸಿಗೋ ಶಾಲೆಗೋ ಹೋಗಿ ದುಡಿದು ಸಂಜೆ ಅಭ್ಯಾಸಕ್ಕೆ ಬರುವವರು. ಅಂದಮೇಲೆ ಅಲ್ಲಿಗೆ ಹೋಗುವುದಾದರೂ ಬಿ.ಕಾಂ. ಮುಗಿಸಿ, ಅಕೌಂಟ್ಸ್ ಕೆಲಸ ಹಿಡಿದು ಹೋಗುವುದೇ ದಾರಿ. ಕ್ಲಬ್ಬಿಗೆ ಹೋಗಿ ಮೂರು ವಿಷಯ ವಿಚಾರಿಸಿ ಬರಲು ತಮ್ಮನಿಗೆ ಹೇಳಿ: ವೀಸಾ ಯಾರ ಹೆಸರಿನಲ್ಲಿ ಆಗುತ್ತದೆ, ಆಡಿದ್ದಕ್ಕೆ ಸಂಬಳವೋ ಅಥವಾ ಆಟಗಾರನೇ ಸದಸ್ಯತ್ವದ ಶುಲ್ಕ ಕಟ್ಟಬೇಕೋ, ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು. ಇದರ ನಡುವೆ ‘ವಿದೇಶದಲ್ಲಿ ಟ್ರಯಲ್ಸ್ ಕೊಡಿಸ್ತೇವೆ, ಇಷ್ಟು ಲಕ್ಷ ಕಟ್ಟಿ’ ಎಂದು ಯಾರಾದರೂ ವಾಟ್ಸ್ಆ್ಯಪಿನಲ್ಲಿ ಪತ್ರ ಕಳಿಸಿದರೆ ಹಣ ಹಾಕಬೇಡಿ. ಆಟಗಾರ ಬೇಕಾದ ಕ್ಲಬ್ ಅವನಿಂದ ಟ್ರಯಲ್ಸಿಗೆ ಲಕ್ಷ ಕೇಳುವುದಿಲ್ಲ. ಆ ಪತ್ರವನ್ನು ಪಿ.ಇ. ಸರ್‌ಗೆ ತೋರಿಸಿ, ಅವರು ರಾಜ್ಯ ಸಂಸ್ಥೆಯಲ್ಲಿ ವಿಚಾರಿಸಲಿ.